ಹೊಸ ಜಿಮ್ನಿಗೆ ಮೊದಲು ಏನು ಹಾಕಿಸಬೇಕು? ಮನೆಯ ದಾರಿಯಲ್ಲೇ ಹಳ್ಳವಿದೆ

ಹಳ್ಳದಾಚೆ, ಶಿರಸಿ

ಮಾರುತಿಯ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ ಮನೆಗೆ ಬಂತು. ಮ್ಯಾನುವಲ್ ಗೇರ್, ಬಿಳಿ ಬಣ್ಣ. ಕೆಂಪು ಮಣ್ಣಿನ ಊರಿಗೆ ಬಿಳಿ ಯಾಕೆ ಎಂದು ಕೇಳಬೇಡಿ, ಅದು ಮನೆಯವಳ ಆಯ್ಕೆ. ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹಾಯಿಸಿದ್ದೂ ಆಯಿತು. ಕೈಯಲ್ಲಿ ಅರವತ್ತು ಸಾವಿರ ರೂಪಾಯಿ ಉಳಿದಿದೆ.

ಡಾಂಬರು ಮುಗಿದ ಮೇಲೆ ಮನೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಮೊದಲು ಜಂಬಿಟ್ಟಿಗೆಯ ಏರು, ನಂತರ ಮರಗಳಡಿಯಲ್ಲಿ ಬಿಸಿಲೇ ಕಾಣದ ಕೆಸರು, ಕೊನೆಗೆ ಹಳ್ಳ. ನಡೆದು ಹೋಗುವವರಿಗೆ ಕಾಲುಸಂಕವಿದೆ, ವಾಹನ ನೀರಿಗೇ ಇಳಿಯಬೇಕು. ಬೇಸಿಗೆಯಲ್ಲಿ ಪಾದವೂ ಮುಳುಗುವುದಿಲ್ಲ. ಆಷಾಢದಲ್ಲಿ ಮೊಣಕಾಲಿನವರೆಗೆ, ಕೆಲವು ದಿನ ಅದಕ್ಕೂ ಮೇಲೆ.

ನನ್ನ ಪಟ್ಟಿ: ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ), ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ), ಗಾಡಿಯನ್ನು ಎತ್ತರಿಸುವ ಎರಡು ಇಂಚಿನ ಲಿಫ್ಟ್ ಕಿಟ್, ಮಡ್ ಟೈರ್, ಮೇಲೆ ಕ್ಯಾರಿಯರ್, ಎಲ್‌ಇಡಿ ಬಾರ್. ಎಲ್ಲವೂ ಈ ಹಣದಲ್ಲಿ ಆಗುವುದಿಲ್ಲ ಎಂದು ಗೊತ್ತು. ಯಾವುದು ಮೊದಲು? ಮುಂಗಾರು ಹಿಡಿಯುವುದರೊಳಗೆ ಮುಗಿಸಬೇಕು.

ಅಡಿಕೆ ಚೀಲ, ಯಲ್ಲಾಪುರ

ಮೊದಲು ಸಂಕ. ಕಾಂಕ್ರೀಟಿನದು.

ಹಳ್ಳದಾಚೆ, ಶಿರಸಿ

ಅರ್ಜಿ ಕೊಟ್ಟಿದ್ದೇವೆ. ಅಜ್ಜನ ಕಾಲದಿಂದಲೂ ಕೊಡುತ್ತಲೇ ಇದ್ದೇವೆ.

ಹಳೇ ಜೀಪು, ಸಿದ್ದಾಪುರ

ತಮ್ಮಾ, ನಿನ್ನ ಪಟ್ಟಿ ಓದಿದರೆ ಹಳ್ಳ ದಾಟಿಸುವುದಕ್ಕಿಂತ ಪೇಟೆಯಲ್ಲಿ ನಿಲ್ಲಿಸಿ ತೋರಿಸುವುದಕ್ಕೇ ಗಾಡಿ ಸಿದ್ಧವಾಗುತ್ತಿರುವಂತೆ ಕಾಣುತ್ತದೆ. ನಮ್ಮ ಮನೆಯ ಎಂಎಂ 540 ಜೀಪು ಅಡಿಕೆ, ಗೊಬ್ಬರ, ಬಾಣಂತಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿದೆ. ಮಳೆಗಾಲ ಬಂದರೆ ಚಕ್ರಕ್ಕೆ ಸರಪಳಿ ಸುತ್ತುತ್ತಿದ್ದೆವು, ನಾವು ಮಾಡಿದ ಬದಲಾವಣೆ ಅಷ್ಟೇ. ಒಂದು ಮಳೆಗಾಲ ಕಂಪನಿ ಕೊಟ್ಟಂತೆಯೇ ಓಡಿಸು. ಎಲ್ಲಿ ಸಿಕ್ಕಿಬೀಳುತ್ತೀಯೋ ಅಲ್ಲಿಗೆ ಹಣ ಹಾಕು.

ಘಟ್ಟದ ತಿರುವು, ಕುಮಟಾ

ಹಿರಿಯರ ಮಾತಿಗೆ ಗೌರವವಿದೆ, ಆದರೆ ಇಂದಿನ ಗಾಡಿಗೆ ಸರಪಳಿ ಸುತ್ತಲು ಹೇಳಬೇಡಿ. ಚಕ್ರದ ಪಕ್ಕದಲ್ಲೇ ಎಬಿಎಸ್‌ನ ತಂತಿ, ಬ್ರೇಕ್ ಪೈಪು ಹಾದುಹೋಗುತ್ತವೆ. ಒಂದು ಕೊಂಡಿ ಸಡಿಲವಾದರೆ ಎಲ್ಲವನ್ನೂ ಕಿತ್ತುಕೊಂಡು ಬರುತ್ತದೆ.

ಇನ್ನೊಂದು ಮಾತು. ಹಳ್ಳವಿದೆ ಎಂದು ಗೊತ್ತಿದ್ದೂ ಜಿಮ್ನಿ ಯಾಕೆ? ಮಹೀಂದ್ರದ ಥಾರ್‌ನ ನೆಲದಂತರ 226 ಮಿಲಿಮೀಟರ್, ನೀರಿನಲ್ಲಿ 650 ಮಿಲಿಮೀಟರ್‌ವರೆಗೆ ಹೋಗಬಹುದು ಎಂದು ಕಂಪನಿಯೇ ಹೇಳುತ್ತದೆ. ಜಿಮ್ನಿಯ ನೆಲದಂತರ 210.

ಸುರಗಿ, ಶಿರಸಿ

ಬಂತು ಥಾರ್ ಪುರಾಣ. ಅವರು ಕೇಳಿದ್ದು ಯಾವ ಗಾಡಿ ಕೊಳ್ಳಲಿ ಎಂದಲ್ಲ. ಜಿಮ್ನಿಯ ತೂಕ ಸುಮಾರು 1,200 ಕಿಲೋ. ನಮ್ಮ ತೋಟದ ದಾರಿಗಳ ಅಗಲ ನೋಡಿದ್ದೀರಾ? ಎರಡೂ ಕಡೆ ಅಗಳ. ಅಲ್ಲಿ ಹಗುರ, ಕಿರಿದಾದ ಗಾಡಿಯೇ ವಾಸಿ. ಕೆಸರಿನಲ್ಲಿ ಹೂತರೆ ನಾಲ್ಕು ಜನ ಸೇರಿ ತಳ್ಳಬಹುದು. ನಿಮ್ಮ ಥಾರ್ ಹೂತರೆ ಜೆಸಿಬಿಯೇ ಬರಬೇಕು.

ಘಟ್ಟದ ತಿರುವು, ಕುಮಟಾ

ಅಕ್ಕ, ನಮ್ಮದು ಹೂತರೆ ತಾನೇ ಜೆಸಿಬಿ?

ನಟ್ಟು ಬೋಲ್ಟು, ಹುಬ್ಬಳ್ಳಿ

ಜಗಳ ಆಮೇಲೆ. ಮೊದಲು ಟೈರ್. ಕಂಪನಿಯಿಂದ ಬರುವುದು 195/80 ಆರ್15. ಹೆಚ್ಚಿನವರು 215/75 ಆರ್15 ಹಾಕಿಸುತ್ತಾರೆ. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಲೆಕ್ಕ ಮಾಡಿ: ಹಳೆಯದರ ವ್ಯಾಸ 693 ಮಿಲಿಮೀಟರ್, ಹೊಸದರದ್ದು ಸುಮಾರು 703. ವ್ಯತ್ಯಾಸ ಹತ್ತು, ಅದರಲ್ಲಿ ನೆಲದಂತರಕ್ಕೆ ಸಿಗುವುದು ಅರ್ಧ ಮಾತ್ರ. ಸ್ಪೀಡೋಮೀಟರ್ ಒಂದೂವರೆ ಶೇಕಡಾ ಕಡಿಮೆ ತೋರಿಸುತ್ತದೆ, ತಲೆ ಕೆಡಿಸಿಕೊಳ್ಳುವಂಥದ್ದಲ್ಲ. ಈ ಗಾತ್ರದ ನಿಜವಾದ ಲಾಭ ಬೇರೆ. ಬೊಲೆರೊದ್ದೂ ಇದೇ ಗಾತ್ರ. ಯಾವ ಸಣ್ಣ ಪೇಟೆಯ ಪಂಕ್ಚರ್ ಅಂಗಡಿಗೆ ಹೋದರೂ ಒಂದು ಟೈರ್ ಸಿಗುತ್ತದೆ.

ಎಂಟಿ, ಅಂದರೆ ಮಡ್ ಟೈರ್ ಬೇಡ, ಮಣ್ಣು, ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನ್ ಸಾಕು. ಮಡ್ ಟೈರಿನ ದೊಡ್ಡ ಗಟ್ಟಿಗಳು ಕೆಸರನ್ನು ಚೆನ್ನಾಗಿ ಕೊಡವಿಕೊಳ್ಳುತ್ತವೆ, ಒಪ್ಪುತ್ತೇನೆ. ಆದರೆ ಒದ್ದೆ ಡಾಂಬರಿನಲ್ಲಿ ಅವುಗಳ ಹಿಡಿತ ಕಡಿಮೆ. ನೀವು ದಿನವೂ ಓಡಿಸುವುದು ಎರಡು ಕಿಲೋಮೀಟರ್ ಕೆಸರಿನಲ್ಲಿ, ಉಳಿದದ್ದೆಲ್ಲ ಡಾಂಬರಿನಲ್ಲಿ. ದೇವಿಮನೆ ಘಟ್ಟ ಇಳಿಯುವಾಗ ಮಳೆ ಹೊಡೆದರೆ ನನ್ನ ಮಾತು ನೆನಪಾಗುತ್ತದೆ. ಹಾಕಿಸುವುದಾದರೆ ಐದೂ ಹಾಕಿಸಿ. ಸ್ಟೆಪ್ನಿ ಬೇರೆ ಗಾತ್ರದ್ದಾದರೆ ನಾಲ್ಕು ಚಕ್ರ ಒಟ್ಟಿಗೆ ತಿರುಗುವಾಗ ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ.

ಹಳ್ಳದಾಚೆ, ಶಿರಸಿ

ಐದು ಟೈರ್ ಎಂದರೆ ಅರ್ಧಕ್ಕಿಂತ ಹೆಚ್ಚು ಹಣ ಅಲ್ಲೇ ಹೋಯಿತು. ಸ್ನಾರ್ಕೆಲ್ ಕಥೆ ಏನು? ಹಳ್ಳಕ್ಕೆ ಅದು ಬೇಡವೇ?

ನಟ್ಟು ಬೋಲ್ಟು, ಹುಬ್ಬಳ್ಳಿ

ಸ್ನಾರ್ಕೆಲ್ ಉಳಿಸುವುದು ಎಂಜಿನ್ನಿನ ಉಸಿರನ್ನು ಮಾತ್ರ. ಗಾಳಿಯ ಜತೆ ನೀರು ಒಳಗೆ ಹೋದರೆ ಪಿಸ್ಟನ್ನಿಗೆ ಅದನ್ನು ಅದುಮಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗಾಗಿ ನೀರಿನ ಮಧ್ಯೆ ಗಾಡಿ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಳೆಸಿಕೊಂಡು ಹೊರಗೆ ಬನ್ನಿ. ಮಾಮೂಲಿ ವಿಮೆಯಲ್ಲಿ ಈ ನಷ್ಟ ಸಿಗುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಬೇರೆಯಾಗಿ ಕೇಳಿ ಪಡೆಯಬೇಕು. ಪಾಲಿಸಿ ಕಾಗದ ತೆಗೆದು ಇವತ್ತೇ ನೋಡಿ.

ಯಾರೂ ಹೇಳದ ವಿಷಯ ಬ್ರೀದರ್. ಚಕ್ರಗಳನ್ನು ಜೋಡಿಸುವ ಮುಂದಿನ, ಹಿಂದಿನ ಆಕ್ಸಲ್‌ಗಳ ಒಳಗಿನ ಗಾಳಿ ಬಿಸಿಯಾದಾಗ ಹೊರಹೋಗಲು ಸಣ್ಣ ಕಿಂಡಿ ಇರುತ್ತದೆ. ಬಿಸಿಯಾದ ಆಕ್ಸಲ್ ತಟ್ಟನೆ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಕಿಂಡಿಯಿಂದಲೋ ಸೀಲಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಬಿಚ್ಚಿ ನೋಡಿದರೆ ಹಾಲು ಹಾಕಿದ ಚಹಾದ ಬಣ್ಣ! ಪರಿಹಾರ ಅಗ್ಗ: ಬ್ರೀದರ್ ಪೈಪನ್ನು ಉದ್ದ ಮಾಡಿ ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟುವುದು. ಜತೆಗೆ, ಹಳ್ಳ ಬಂದ ಕೂಡಲೇ ಇಳಿಯದೆ ಸ್ವಲ್ಪ ಹೊತ್ತು ನಿಲ್ಲಿಸಿ ತಣಿಯಲು ಬಿಡಿ.

ಕಾಳಿ ತೀರ, ಕಾರವಾರ

ಫೋರ್ಸ್‌ನವರ ಗೂರ್ಖಾ ಗಾಡಿಗೆ ಕಂಪನಿಯೇ ಸ್ನಾರ್ಕೆಲ್ ಹಾಕಿ ಕೊಡುತ್ತದೆ, ಎರಡೂ ಆಕ್ಸಲ್‌ಗೆ ಡಿಫ್ ಲಾಕ್ (ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಬೀಗ) ಬೇರೆ. ಸುಮ್ಮನೆ ಹೇಳಿದೆ.

ಸುರಗಿ, ಶಿರಸಿ

ಈಗ ಗೂರ್ಖಾ ಪುರಾಣ.

ಹಳ್ಳದಾಚೆ ಅವರೇ, ನೀರಿನ ಆಳವೊಂದನ್ನೇ ನೋಡಬೇಡಿ, ಸೆಳೆತ ನೋಡಿ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರಿನ ಚಕ್ರದ ಹಿಡಿತ ತಪ್ಪಿಸಬಲ್ಲದು, ಎರಡು ಅಡಿ ಇದ್ದರೆ ಹೆಚ್ಚಿನ ವಾಹನಗಳನ್ನು ತಳ್ಳಿಕೊಂಡು ಹೋಗುತ್ತದೆ. ಕೆಸರಿನಲ್ಲಿ ಜಿಮ್ನಿಯ ಹಗುರತನ ವರ, ಹಳ್ಳದಲ್ಲಿ ಅದೇ ಶಾಪ. ಸ್ನಾರ್ಕೆಲ್ ಇದೆ ಎಂಬ ಧೈರ್ಯದಲ್ಲಿ ಇಳಿದವನ ಎಂಜಿನ್ ಉಸಿರಾಡುತ್ತಲೇ ತೇಲಿಹೋಗುತ್ತದೆ. ನಮ್ಮ ಮನೆಯ ದಾರಿಯ ಹಳ್ಳದ ದಂಡೆಯ ಮರಕ್ಕೆ ಅಪ್ಪ ಬಣ್ಣದ ಗೆರೆ ಎಳೆದಿದ್ದಾರೆ. ನೀರು ಗೆರೆ ಮುಟ್ಟಿದರೆ ಗಾಡಿ ಆಚೆ ದಡದಲ್ಲಿ, ನಾವು ಸಂಕದ ಮೇಲೆ. ನೀರು ಕದಡಿದ್ದರಂತೂ ಗೆರೆಯನ್ನೂ ನಂಬುವುದಿಲ್ಲ, ಅಡಿಯ ಕಲ್ಲು ಎಲ್ಲಿಗೆ ಉರುಳಿದೆಯೋ ಯಾರು ಕಂಡವರು?

ಹಳೇ ಜೀಪು, ಸಿದ್ದಾಪುರ

ಇದು ಬುದ್ಧಿ. ಕಂಬಳಿಕೊಪ್ಪೆ ಹಾಕಿಕೊಂಡು ಕೋಲು ಹಿಡಿದು ಮೊದಲು ನಡೆದು ದಾಟಿ ನೋಡುತ್ತಿದ್ದರು ನಮ್ಮಪ್ಪ. ಆಮೇಲೆ ಜೀಪು.

ಘಟ್ಟದ ತಿರುವು, ಕುಮಟಾ

ನಡೆದು ನೋಡುವಾಗ ಕಾಲಿಗೆ ಹತ್ತುವ ಉಂಬಳಕ್ಕೆ, ಅಂದರೆ ಜಿಗಣೆಗೆ, ಯಾವ ಕಿಟ್ ಸಿಗುತ್ತದೆ?

ಅಡಿಕೆ ಚೀಲ, ಯಲ್ಲಾಪುರ

ಹೊಗೆಸೊಪ್ಪು, ಸುಣ್ಣ. ಕವಳದ ಸಂಚಿಯಲ್ಲಿ ಇದ್ದೇ ಇರುತ್ತದೆ.

ಸುರಗಿ, ಶಿರಸಿ

ಉಪ್ಪು ಸಾಕು. ಹೊಗೆಸೊಪ್ಪನ್ನು ಉಂಬಳಕ್ಕೆಂದು ಇಟ್ಟುಕೊಂಡು ಅರ್ಧ ದಾರಿಯಲ್ಲಿ ತಾವೇ ಮುಗಿಸುವವರನ್ನು ನೋಡಿದ್ದೇನೆ.

ವಿಷಯಕ್ಕೆ ಬರೋಣ. ವಿಂಚ್‌ಗಿಂತ ಮೊದಲು ಎಳೆಯುವ ಸಾಮಾನು ಸರಿಯಾಗಿರಲಿ. ಒಂದು ಹಿಗ್ಗುವ ಹಗ್ಗ, ಹಗ್ಗವನ್ನು ಗಾಡಿಗೆ ಸಿಕ್ಕಿಸುವ ಎರಡು ಬೋ ಶ್ಯಾಕಲ್, ಹೂತ ಚಕ್ರದಡಿ ಇಡುವ ಒಂದು ಜತೆ ಟ್ರ್ಯಾಕ್ಷನ್ ಬೋರ್ಡ್. ಹಗ್ಗ ದಪ್ಪವಿದ್ದಷ್ಟೂ ಒಳ್ಳೆಯದು ಎಂದು ಅಂಗಡಿಯವರು ಹೇಳುತ್ತಾರೆ, ನಂಬಬೇಡಿ. ಹಿಗ್ಗುವುದೇ ಆ ಹಗ್ಗದ ಕೆಲಸ. ಗಾಡಿಯ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ತಾಳುವಂಥದ್ದು ಸಾಕು. ಜಿಮ್ನಿಗೆ ನಾಲ್ಕೈದು ಟನ್. ಹನ್ನೊಂದು ಟನ್ನಿನದನ್ನು ಕಟ್ಟಿದರೆ ಹಗ್ಗ ಹಿಗ್ಗುವುದೇ ಇಲ್ಲ, ಎಳೆತವೆಲ್ಲ ಕೊಂಡಿಗೆ ಬೀಳುತ್ತದೆ. ಶ್ಯಾಕಲ್ ಮೇಲೆ ಎಷ್ಟು ಟನ್ ಎಂದು ಅಚ್ಚಾಗಿರಬೇಕು, 3.25 ಟನ್ನಿನದು ನಿಮಗೆ ಸಾಕು. ಅಚ್ಚಿಲ್ಲದ್ದನ್ನು ಮುಟ್ಟಬೇಡಿ.

ಕಟ್ಟುವುದು ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬಿಗಿದ ಕೊಂಡಿಗೆ ಮಾತ್ರ. ಟ್ರೇಲರ್ ಎಳೆಯುವ ಗುಂಡಿಗೆ, ಬಂಪರಿಗೆ, ಆಕ್ಸಲ್‌ಗೆ ಕಟ್ಟಬಾರದು. ಟ್ರೇಲರ್ ಗುಂಡು ಮುರಿದು ಹಾರಿ ಜನ ಸತ್ತಿದ್ದಾರೆ. ಎಳೆಯುವಾಗ ನೋಡಲು ನಿಂತ ಮಕ್ಕಳನ್ನು, ಸಲಹೆ ಕೊಡಲು ನಿಂತ ಭಾವಂದಿರನ್ನು ಹಗ್ಗದ ಉದ್ದಕ್ಕಿಂತ ದೂರ ಕಳಿಸಿ.

ಅಡಿಕೆ ಚೀಲ, ಯಲ್ಲಾಪುರ

ಭಾವಂದಿರನ್ನು ದೂರ ಕಳಿಸುವ ಸಾಮಾನು ಎಲ್ಲಿ ಸಿಗುತ್ತದೆ? ನನಗೂ ಒಂದು ಬೇಕು.

ಹಳ್ಳದಾಚೆ, ಶಿರಸಿ

ಆದರೂ ವಿಂಚ್ ಇದ್ದರೆ ಒಬ್ಬನೇ ಹೊರಗೆ ಬರಬಹುದಲ್ಲ? ಹಗ್ಗಕ್ಕೆ ಎಳೆಯುವ ಇನ್ನೊಂದು ಗಾಡಿ ಬೇಕು. ನಮ್ಮ ದಾರಿಯಲ್ಲಿ ಸಂಜೆಯ ಮೇಲೆ ನಾಯಿಯೂ ಬರುವುದಿಲ್ಲ. ಸುಮ್ಮನೆ ವಾದಿಸುತ್ತಿಲ್ಲ, ಮನೆಯಲ್ಲಿ ವಯಸ್ಸಾದವರಿದ್ದಾರೆ.

ಕಾನೂನು ಕಟ್ಟೆ, ಶಿರಸಿ

ವಿಂಚ್ ಕೂರಿಸಲು ಕಬ್ಬಿಣದ ಬಂಪರ್ ಬೇಕಾಗುತ್ತದೆ. ತಾಪತ್ರಯ ಅಲ್ಲೇ ಶುರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಬಂಪರಿನ ಮುಂದೆ ಹಾಕಿಸುವ ಕಬ್ಬಿಣದ ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಲಿಫ್ಟ್ ಕಿಟ್ಟೂ ಇದೇ ಬುಟ್ಟಿಗೆ ಬೀಳುತ್ತದೆ. ಅಪಘಾತವಾದಾಗ ವಿಮೆಯವರಿಗೆ ಇಷ್ಟು ಸಾಕು.

ಘಟ್ಟದ ತಿರುವು, ಕುಮಟಾ

ಕಾನೂನು ಬಿಡಿ, ಊರಿನಲ್ಲಿ ಎಲ್ಲರೂ ಹಾಕಿಸಿದ್ದಾರೆ.

ಕಾನೂನು ಕಟ್ಟೆ, ಶಿರಸಿ

ಎಲ್ಲರೂ ಹೆಲ್ಮೆಟ್ ಇಲ್ಲದೆಯೂ ಓಡಿಸುತ್ತಾರೆ. ಜಿಮ್ನಿಯಲ್ಲಿ ಆರು ಏರ್‌ಬ್ಯಾಗ್ ಇವೆ. ಮುಂಭಾಗ ಎಷ್ಟು ಬೇಗ ಕುಸಿಯುತ್ತದೆ ಎಂಬುದನ್ನು ನೋಡಿ ಅವು ಬಿಚ್ಚಿಕೊಳ್ಳುವ ಕ್ಷಣ ತೀರ್ಮಾನವಾಗುತ್ತದೆ. ಅಲ್ಲಿಗೆ ಕಬ್ಬಿಣದ ತೊಲೆ ಅಡ್ಡ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಇದು ದಂಡದ ಮಾತಲ್ಲ, ಮುಂದೆ ಕೂರುವ ತಾಯಿಯ ಎದೆಯ ಮಾತು.

ನಟ್ಟು ಬೋಲ್ಟು, ಹುಬ್ಬಳ್ಳಿ

ತೂಕವನ್ನೂ ಸೇರಿಸಿ. ಒಟ್ಟು ಮಿತಿ 1,545 ಕಿಲೋ. ಗಾಡಿಯದ್ದೇ ಸುಮಾರು 1,200. ಉಳಿದದ್ದು 340ರ ಆಸುಪಾಸು. ನಾಲ್ಕು ಜನ ಕುಳಿತರೆ 280 ಹೋಯಿತು. ಬಂಪರ್, ವಿಂಚ್, ಕ್ಯಾರಿಯರ್ ಹಾಕಿಸಿದ ಮೇಲೆ ನೀವು ಅಡಿಕೆ ಚೀಲ ಹೊರುವುದು ತಲೆಯ ಮೇಲೆ.

ಅಡಿಕೆ ಚೀಲ, ಯಲ್ಲಾಪುರ

ನನ್ನನ್ನು ಯಾರ ತಲೆಯ ಮೇಲೂ ಹೊರಿಸಬೇಡಿ.

ಹಳೇ ಜೀಪು, ಸಿದ್ದಾಪುರ

ಒಬ್ಬನೇ ಸಿಕ್ಕಿಬಿದ್ದರೆ ಕೈಯಿಂದ ಎಳೆಯುವ ವಿಂಚ್ ಇದೆ, ಸೀಟಿನ ಹಿಂದೆ ಕೂರುತ್ತದೆ. ನಿಧಾನ, ಬೆವರು ಸುರಿಯುತ್ತದೆ, ಆದರೆ ಗಾಡಿ ಬರುತ್ತದೆ. ಮುಂದಕ್ಕೂ ಎಳೆಯಬಹುದು, ಹಿಂದಕ್ಕೂ ಎಳೆಯಬಹುದು. ಬಂಪರಿನ ವಿಂಚ್ ಮುಂದಕ್ಕೆ ಮಾತ್ರ ಎಳೆಯುತ್ತದೆ, ನಾವು ಸಿಕ್ಕಿಬೀಳುವುದು ಹೆಚ್ಚಾಗಿ ಹಿಂದಕ್ಕೆ ಬರಬೇಕಾದ ಕಡೆ. ಮರಕ್ಕೆ ಕಟ್ಟುವಾಗ ಅಗಲವಾದ ಪಟ್ಟಿ ಹಾಕು, ತಂತಿಹಗ್ಗ ತೊಗಟೆಯನ್ನು ಸೀಳುತ್ತದೆ.

ಮತ್ತೆ, ನಮ್ಮ ಕಡೆ ದಾರಿ ಕಟ್ಟುವುದು ಕೆಸರಿಗಿಂತ ಹೆಚ್ಚಾಗಿ ಬಿದ್ದ ಮರ. ಒಂದು ಒಳ್ಳೆಯ ಗರಗಸ, ಕತ್ತಿ ಗಾಡಿಯಲ್ಲಿ ಇರಲಿ. ಇದನ್ನು ಯಾವ ಪಟ್ಟಿಯಲ್ಲೂ ನಾನು ಕಂಡಿಲ್ಲ.

ಕಾನೂನು ಕಟ್ಟೆ, ಶಿರಸಿ

ದಾರಿಗೆ ಬಿದ್ದ ಕೊಂಬೆ ಸರಿಸಿ, ಸರಿ. ಇಡೀ ಮರ ಬಿದ್ದಿದ್ದರೆ ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ. ನಾಟಾ ಹೊತ್ತುಕೊಂಡು ಬಂದರೆ ಗರಗಸವೇ ಸಾಕ್ಷಿಯಾಗುತ್ತದೆ.

ಕಾಳಿ ತೀರ, ಕಾರವಾರ

ಕರಾವಳಿಯವನ ಮಾತು ಕೇಳಿ: ಗಾಡಿಯನ್ನು ಕೊಲ್ಲುವುದು ಹಳ್ಳವಲ್ಲ, ಉಪ್ಪು. ಇಲ್ಲಿ ಗಾಳಿಯಲ್ಲೇ ಉಪ್ಪಿದೆ, ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ನೀರಿನಲ್ಲೂ ಉಪ್ಪು. ಅವುಗಳ ಹಿಂದೆ ಒಂದು ಮಳೆಗಾಲ ಓಡಿಸಿದ ಗಾಡಿಯ ಹೊಟ್ಟೆಯನ್ನು ಎತ್ತಿ ನೋಡಿ. ಕಡಲಿನ ಕಡೆ ಇಳಿದು ಬಂದ ಮೇಲೆ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಬೇಕು. ಚಾಸಿಯ ಪೆಟ್ಟಿಗೆಯೊಳಗೂ ನೀರು ಬಿಟ್ಟು, ಕೆಳಗಿನ ತೂತುಗಳಿಂದ ಹರಿಯುತ್ತದೆಯೇ ನೋಡಿ.

ತುಕ್ಕಿಗೆ ಕಪ್ಪು ರಬ್ಬರಿನಂಥ ಲೇಪ ಬಳಿಯುವ ಮಂದಿ ಆ ತೂತುಗಳನ್ನೇ ಮುಚ್ಚಿಬಿಡುತ್ತಾರೆ. ಲೇಪ ಎಲ್ಲಾದರೂ ಬಿರುಕು ಬಿಟ್ಟರೆ ನೀರು ಅದರಡಿ ಸೇರಿ ಹೊರಗೆ ಕಾಣದಂತೆ ತಿನ್ನುತ್ತದೆ. ಮೇಣದ ಲೇಪ ವಾಸಿ, ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು.

ಸುರಗಿ, ಶಿರಸಿ

ಘಟ್ಟದ ಮೇಲಿನವರಿಗೆ ಉಪ್ಪಿಗಿಂತ ಮೈಲುತುತ್ತ! ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಜೀಪಿನ ಹಿಂದೆ ಬೋರ್ಡೋ ದ್ರಾವಣದ ಡ್ರಮ್ಮು, ಮೈಲುತುತ್ತದ ಚೀಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಬೆರೆತ ಮೇಲೆ ಪರವಾಗಿಲ್ಲ, ಬರೀ ಮೈಲುತುತ್ತದ ನೀರು ಕಬ್ಬಿಣದ ಮೇಲೆ ಚೆಲ್ಲಿದರೆ ಕಬ್ಬಿಣವನ್ನು ಕರಗಿಸಿ ತಾಮ್ರದ ಪೊರೆ ಬಿಡುತ್ತದೆ. ಹಿಂದೆ ಅಂಚು ಎತ್ತರವಿರುವ ಪ್ಲಾಸ್ಟಿಕ್ ತಟ್ಟೆ ಹಾಸಿ. ಎಲ್‌ಇಡಿ ಬಾರಿಗೆ ಮುಂಚೆ ಇದು.

ಹಳ್ಳದಾಚೆ, ಶಿರಸಿ

ಅಕ್ಕ, ಇದು ನಿಜ. ನಮ್ಮ ಹಳೆಯ ಓಮ್ನಿಯ ನೆಲ ಹಾಗೆಯೇ ಹೋಯಿತು. ಎಲ್‌ಇಡಿ ಬಾರ್ ಬೇಡವೇ ಬೇಡವೇ? ರಾತ್ರಿ ಆ ಕಾನಿನಲ್ಲಿ ಕಣ್ಣೇ ಕಾಣುವುದಿಲ್ಲ.

ಘಟ್ಟದ ತಿರುವು, ಕುಮಟಾ

ಇದರಲ್ಲಿ ನನ್ನ ಮಾತು ಕೇಳಿ, ದಿನವೂ ಘಟ್ಟ ಹತ್ತುವವನು. ಮಂಜು ಕವಿದಾಗ ಮೇಲಿನ ಬಿಳಿ ಬೆಳಕು ಮಂಜಿಗೇ ಬಡಿದು ನಿಮ್ಮ ಕಣ್ಣಿಗೆ ವಾಪಸು ಬರುತ್ತದೆ, ಎದುರಿಗೆ ಬಿಳಿ ಗೋಡೆ. ಬಂಪರಿನ ಕೆಳಗೆ ಒಂದು ಜತೆ ಹಳದಿ ಮಂಜುದೀಪ ಹಾಕಿಸಿ, ನೆಲದ ಅಂಚು ಕಾಣುತ್ತದೆ. ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ಸಾಲುಸಾಲಾಗಿ ಪ್ರಕರಣ ಹಾಕಿದ್ದರು. ಕಾನೂನು ಕಟ್ಟೆಯವರೇ, ನಾನೂ ಕಾನೂನು ಹೇಳಿದೆ, ಬರೆದಿಟ್ಟುಕೊಳ್ಳಿ.

ಹಳ್ಳದಾಚೆ, ಶಿರಸಿ

ಸರಿ. ಗಾಡಿ ಕೈಗೆ ಹಿಡಿಯುವವರೆಗೆ ಅಭ್ಯಾಸ ಎಲ್ಲಿ ಮಾಡುವುದು? ಹೊನ್ನಾವರದ ಕಾಸರಕೋಡಿನ ಕಡಲತೀರದ ಮರಳಿನಲ್ಲಿ ಒಂದು ಭಾನುವಾರ ಓಡಿಸೋಣ ಎಂದು ಗೆಳೆಯರು ಕರೆಯುತ್ತಿದ್ದಾರೆ. ಇಲ್ಲವೇ ನಮ್ಮ ಸೊಪ್ಪಿನ ಬೆಟ್ಟದಲ್ಲೇ ಒಂದು ದಾರಿ ಕಡಿಯಬಹುದು.

ಟೊಂಕದ ಗಾಳಿ, ಹೊನ್ನಾವರ

ದಯವಿಟ್ಟು ಬರಬೇಡಿ. ಟೊಂಕ, ಕಾಸರಕೋಡಿನ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಆಲಿವ್ ರಿಡ್ಲೆ, ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿರುವ ಜೀವಿ. ಗೂಡು ಮೇಲಿನಿಂದ ಕಾಣುವುದಿಲ್ಲ, ಚಕ್ರ ಹಾದರೆ ಮುಗಿಯಿತು. ಮರಿಗಳು ಹೊರಬಂದರೂ ಚಕ್ರದ ಗುಂಡಿಗೆ ಬಿದ್ದು ಕಡಲು ತಲುಪುವುದಿಲ್ಲ. ಮೀನುಗಾರರು ಬೇಲಿ ಕಟ್ಟಿ ಗೂಡು ಕಾಯುವ ಜಾಗ ಅದು, ಗಾಡಿ ಹೂತರೆ ಎಳೆಯಲು ಅವರನ್ನೇ ಕರೆಯುತ್ತೀರಿ.

ಕಾನೂನು ಕಟ್ಟೆ, ಶಿರಸಿ

ಬೆಟ್ಟವೂ ಬೇಡ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಸಿಕ್ಕಿದ್ದು ಸೊಪ್ಪಿಗೆ, ದರಕಿಗೆ (ಒಣ ಎಲೆಗೆ). ಅನುಭೋಗದ ಸವಲತ್ತು ನಿಮ್ಮದು, ನೆಲ ಅರಣ್ಯದ್ದು. ಅಲ್ಲಿ ದಾರಿ ಕಡಿಯುವಂತಿಲ್ಲ.

ಘಟ್ಟದ ತಿರುವು, ಕುಮಟಾ

ಹಾಗಾದರೆ ಈ ಜಿಲ್ಲೆಯಲ್ಲಿ ಆಫ್‌ರೋಡ್ ಮಾಡುವುದೇ ಬೇಡವೇ? ಅತ್ತ ಕಾಳಿ ಹುಲಿ ಅಭಯಾರಣ್ಯ, ಇತ್ತ ಆಮೆ, ನಡುವೆ ಬೆಟ್ಟ.

ಹಳೇ ಜೀಪು, ಸಿದ್ದಾಪುರ

ಮನೆಗೆ ಹೋಗುವ ದಾರಿ ಇದೆಯಲ್ಲ, ಅಲ್ಲೇ ಮಾಡಲಿ. ಇನ್ನೇನು ಬೇಕು ಅವನಿಗೆ? ಕೊಯ್ಲು ಮುಗಿದ ಸ್ವಂತ ಗದ್ದೆಗೆ ನೀರು ಬಿಟ್ಟರೆ ಬೇಕಾದಷ್ಟು ಕೆಸರು. ಫೋರ್ ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿ ನಿಧಾನ ಹತ್ತುವುದು, ಇಳಿಯುವುದು ಕಲಿ. ಒಣ ಡಾಂಬರು ಬಂದ ಕೂಡಲೇ ಎರಡೇ ಚಕ್ರ ಎಳೆಯುವ ಟೂ ಎಚ್‌ಗೆ ತಾ, ಇಲ್ಲದಿದ್ದರೆ ತಿರುವಿನಲ್ಲಿ ಗೇರ್‌ಗಳು ಬಿಗಿದುಕೊಳ್ಳುತ್ತವೆ.

ನಟ್ಟು ಬೋಲ್ಟು, ಹುಬ್ಬಳ್ಳಿ

ಮತ್ತೆ ಗಾಳಿ! ಒಂದು ಸಣ್ಣ ಕಂಪ್ರೆಸರ್, ಒಂದು ನಂಬುವ ಗೇಜ್ ಕೊಳ್ಳಿ. ಕೆಸರಿನ ದಾರಿ ಶುರುವಾಗುವಲ್ಲಿ 18-20 ಪಿಎಸ್‌ಐಗೆ ಇಳಿಸಿ ನೋಡಿ, ಅದೇ ಟೈರ್ ಬೇರೆಯೇ ಟೈರಿನಂತೆ ಹಿಡಿಯುತ್ತದೆ. ಡಾಂಬರಿಗೆ ಹತ್ತುವ ಮೊದಲು ಬಾಗಿಲಿನ ಚೀಟಿಯಲ್ಲಿರುವಷ್ಟು ಮತ್ತೆ ತುಂಬಿಸಿ. ಇಳಿಸಿದ ಗಾಳಿಯಲ್ಲಿ ಹೆದ್ದಾರಿಗೆ ಹೋಗಬೇಡಿ, ಪಕ್ಕದ ಗೋಡೆ ಬಿಸಿಯಾಗಿ ಸಿಡಿಯುತ್ತದೆ.

ಹಳ್ಳದಾಚೆ, ಶಿರಸಿ

ಹೀಗೆ ಮಾಡುತ್ತೇನೆ: 215ರ ಆಲ್ ಟೆರೇನ್ ಐದು. ಬ್ರೀದರ್ ಪೈಪು, ಮೇಣದ ಲೇಪ. ಹಗ್ಗ, ಶ್ಯಾಕಲ್, ಕೈ ವಿಂಚ್, ಕಂಪ್ರೆಸರ್. ಹಿಂದೆ ಪ್ಲಾಸ್ಟಿಕ್ ತಟ್ಟೆ. ಹಳದಿ ದೀಪ ಹಣ ಉಳಿದರೆ. ಗರಗಸ ಮನೆಯಲ್ಲೇ ಇದೆ. ಹಳ್ಳದ ಹತ್ತಿರದ ಹೊನ್ನೆ ಮರಕ್ಕೆ ಗೆರೆ ಎಳೆಯುವುದು ಈ ವಾರ. ಲಿಫ್ಟ್, ಸ್ನಾರ್ಕೆಲ್ ಬಿಟ್ಟೆ. ಬಂಪರಿನ ವಿಂಚ್ ಬಗ್ಗೆ ನನ್ನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ, ಮಳೆಗಾಲ ಮುಗಿದ ಮೇಲೆ ಮತ್ತೆ ಜಗಳವಾಡೋಣ.

ಅಡಿಕೆ ಚೀಲ, ಯಲ್ಲಾಪುರ

ಕಳಚಿದ ಟೈರ್‌ಗಳನ್ನು ಏನು ಮಾಡುತ್ತೀರಿ? ನನ್ನ ತಂಗಿಯ ಗಂಡನದ್ದೂ ಜಿಮ್ನಿಯೇ, ಅವನ ಟೈರ್ ಸವೆದಿವೆ.

ಹಳ್ಳದಾಚೆ, ಶಿರಸಿ

ನಾಲ್ಕು ಕೊಡುತ್ತೇನೆ, ಒಂದು ತೊಟ್ಟಿಲಿನಂತೆ ಕಟ್ಟಲು ಮಗಳಿಗೆ ಬೇಕಂತೆ. ಭಾವನಿಗೆಂದು ಹೇಳಿ ರೇಟು ಇಳಿಸಬೇಡಿ.